ತಿಳಿನೀರು, ಕುಡಿನೀರು

(ಬಾನುಲಿ ಭಾಷಣ)



ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ವಿಡಿಯೊ ಆಟಗಳ ವಿಚಾರವಾಗಿ ಮಾತನಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರ ಕೈ ಆಗಲೇ ರೇಡಿಯೊದ ಕಿವಿ ಹಿಂಡಲು ಹೊರಟಿರಬಹುದು. ಒಂದು ನಿಮಿಷ ತಾಳಬೇಕೆಂದು ಕೋರುತ್ತೇನೆ. ಆಟ ಇಲ್ಲಿ ನೆಪ, ಮಾತು ನೀರಿನದು. ನೀರಿನ ವಿಚಾರದಲ್ಲಿ ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಮಾತನಾಡುವ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ.

ನನ್ನೂರು ಪಾವಗಡದ ಸೀಮೆಯದು. ನನ್ನ ತಮ್ಮ ಇಂದಿಗೂ ಅಲ್ಲಿಯೇ ಹೊಲಮನೆ ನೋಡಿಕೊಂಡಿದ್ದಾನೆ. ಅವನ ಮಗ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕಾರು ಗೆಳೆಯರೊಡನೆ ಸೇರಿ ವಿಡಿಯೊ ಆಟಗಳನ್ನು ರಚಿಸುವ ಕೆಲಸದಲ್ಲಿ ತೊಡಗಿದ್ದಾನೆ. 'ರಚಿಸುವ' ಎಂಬ ಮಾತನ್ನು ಮೊದಲು ನಾನು ವಿನೋದಕ್ಕಾಗಿ ಬಳಸುತ್ತಿದ್ದೆ; ಈಗ ವಿನೋದವಿಲ್ಲದೆಯೇ ಬಳಸುತ್ತೇನೆ. ಕಳೆದ ದೀಪಾವಳಿಗೆ ಮನೆಗೆ ಬಂದವನು ಎಣ್ಣೆಸ್ನಾನ ಮುಗಿಸಿ, ಚೀಟಿಯೊಂದನ್ನು ನನ್ನ ಮುಂದಿಟ್ಟು, "ದೊಡ್ಡಪ್ಪ, ನಾಲ್ಕು ನೀರಿಗೆ ನಾಲ್ಕು ಹೆಸರು ಬೇಕಾಗಿದೆ. ನಾನು ಬರೆದಿರುವುದು ನನಗೇ ಸರಿಕಾಣುತ್ತಿಲ್ಲ" ಎಂದ. ಚೀಟಿಯಲ್ಲಿ 'ಮಲಿನ ಜಲ, ಶೋಧಿತ ಜಲ, ಶುದ್ಧ ಜಲ, ಲವಣ ಜಲ' ಎಂದಿತ್ತು. ಕಚೇರಿಯ ಸುತ್ತೋಲೆಯೊಂದು ದಾರಿ ತಪ್ಪಿ ನಮ್ಮ ಮನೆಗೆ ಬಂದಂತೆ ಕಂಡಿತು.

ಅವನು ರಚಿಸುತ್ತಿರುವುದು ಉಳಿವಿನ ಆಟ. ಈ ಜಾತಿಯ ಆಟಗಳಲ್ಲಿ ರಾಜ್ಯ ಗೆಲ್ಲುವುದಾಗಲಿ ಚೆಂಡು ಹೊಡೆಯುವುದಾಗಲಿ ಇಲ್ಲ. ಆಟಗಾರನನ್ನು ಒಂದು ನಿರ್ಜನ ಪ್ರದೇಶದಲ್ಲಿ, ಕಾಡೋ ಕಡಲೋ ಹಿಮವೋ ಪಾಳುಬಿದ್ದ ಪಟ್ಟಣವೋ ಆಗಬಹುದು, ಬರಿಗೈಯಲ್ಲಿ ಇಳಿಸಿಬಿಡುತ್ತಾರೆ. ಹಸಿವು, ಚಳಿ, ನಿದ್ರೆ, ಬಾಯಾರಿಕೆ ಇವೇ ಅವನ ಎದುರಾಳಿಗಳು. ಬಾಯಾರಿಕೆಯನ್ನು ಪರದೆಯ ಮೂಲೆಯಲ್ಲಿ ಒಂದು ಹನಿಯ ಚಿತ್ರ ತೋರಿಸುತ್ತಿರುತ್ತದೆ. ಹನಿ ತುಂಬಿದ್ದರೆ ನೆಮ್ಮದಿ. ಬರಿದಾದರೆ ದೇಹ ಸೋಲತೊಡಗುತ್ತದೆ. ನೀರನ್ನು ಹುಡುಕಬೇಕು, ಹಿಡಿದಿಡಬೇಕು, ಕುಡಿಯುವಂತೆ ಮಾಡಿಕೊಳ್ಳಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಕತೆ ಬರೆಯುವುದೆಂದರೆ ಒಂದು ವಾಕ್ಯದ ಮುಂದೆ ಇನ್ನೊಂದು ವಾಕ್ಯ ಇಡುವುದು ಎಂದಷ್ಟೇ ತಿಳಿಯುವವನ ಅಜ್ಞಾನ ಇಲ್ಲಿಯೂ ನಡೆಯುವುದಿಲ್ಲ.

ಎಲ್ಲ ಆಟಗಳೂ ಬಾಯಾರಿಕೆಯನ್ನು ಒಪ್ಪಿಕೊಂಡಿಲ್ಲ. ಮಕ್ಕಳೆಲ್ಲ ಬಲ್ಲ 'ಮೈನ್‌ಕ್ರಾಫ್ಟ್' 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದದ್ದು. ಅದರಲ್ಲಿ ಹಸಿವುಂಟು, ಬಾಯಾರಿಕೆಯಿಲ್ಲ. ಚೌಕಾಕಾರದ ಸಣ್ಣ ಗುಂಡಿ ತೋಡಿ ಎದುರುಬದುರು ಮೂಲೆಗಳಲ್ಲಿ ಎರಡು ಬಕೆಟ್ ನೀರು ಸುರಿದರೆ ಸಾಕು, ಆಮೇಲೆ ಎಷ್ಟು ಮೊಗೆದರೂ ಆ ಗುಂಡಿ ಬತ್ತದು. ಇದನ್ನು ತಮ್ಮನ ಮಗ ತೋರಿಸಿದಾಗ ನನಗೆ ದ್ರೌಪದಿಯ ಅಕ್ಷಯಪಾತ್ರೆ ನೆನಪಾಯಿತು. ಆದರೆ ಅದಕ್ಕೂ ಒಂದು ಕಟ್ಟಳೆಯಿತ್ತು, ಅವಳು ಉಂಡ ಮೇಲೆ ಆ ದಿನಕ್ಕೆ ಮುಗಿಯಿತು. ಈ ಗುಂಡಿಗೆ ಯಾವ ಕಟ್ಟಳೆಯೂ ಇಲ್ಲ. ಅಲ್ಲಿ ಒಂದು ಹಗಲು ಒಂದು ರಾತ್ರಿ ಸೇರಿ ನಮ್ಮ 20 ನಿಮಿಷ. ನೀರಿಲ್ಲದೆ ಮನುಷ್ಯ ಹೆಚ್ಚುಕಡಿಮೆ ಮೂರು ದಿನ ಬದುಕಬಲ್ಲನೆಂದು ಇಟ್ಟುಕೊಂಡರೆ, ಆ ಲೆಕ್ಕದಲ್ಲಿ ಆಟಗಾರನ ಗಂಟಲು ಒಂದೇ ಗಂಟೆಯಲ್ಲಿ ಆರಿ ಪ್ರಾಣ ಹೋಗಬೇಕು. ಕಟ್ಟಡ ಕಟ್ಟುವ ಸುಖಕ್ಕಾಗಿ ಕುಳಿತ ಮಗುವನ್ನು ಐದೈದು ನಿಮಿಷಕ್ಕೆ ನೀರಿಗೆಂದು ಎಬ್ಬಿಸುವುದು ಅನುಚಿತ. ಔಚಿತ್ಯ ಕೆಟ್ಟಲ್ಲಿ ರಸ ಕೆಡುತ್ತದೆಂದು ನಮ್ಮ ಆಲಂಕಾರಿಕರು ಪದೇ ಪದೇ ಎಚ್ಚರಿಸಿದ್ದಾರೆ. ಕ್ಷೇಮೇಂದ್ರನಂತೂ ಆ ಒಂದು ವಿಚಾರಕ್ಕೇ ಒಂದು ಗ್ರಂಥ ಮೀಸಲಿಟ್ಟ. ಬಾಯಾರಿಕೆಯನ್ನು ಎಲ್ಲಿ ಬಿಡಬೇಕೆಂಬುದೂ ಔಚಿತ್ಯವೇ.

ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದಕ್ಕೆ ಅವನು ಇನ್ನೊಂದು ಆಟ ತೋರಿಸಿದ. ಕೆನಡಾದ ಹಿಂಟರ್‌ಲ್ಯಾಂಡ್ ಎಂಬ ಸಂಸ್ಥೆಯ 'ದಿ ಲಾಂಗ್ ಡಾರ್ಕ್'. 2014ರಲ್ಲಿ ಅರೆರೂಪದಲ್ಲಿ ಬಂದು 2017ರಲ್ಲಿ ಪೂರ್ಣವಾಯಿತು. ಭೂಕಾಂತೀಯ ಬಿರುಗಾಳಿಯಿಂದ ವಿದ್ಯುತ್ತೆಲ್ಲ ಸತ್ತುಹೋದ ಮೇಲೆ ಉತ್ತರದ ಹಿಮಪ್ರದೇಶದಲ್ಲಿ ಸಿಕ್ಕಿಕೊಂಡ ಒಬ್ಬನ ಕತೆ. ಸುತ್ತ ಎಲ್ಲಿ ನೋಡಿದರೂ ಹಿಮ, ಎಂದರೆ ಎಲ್ಲಿ ನೋಡಿದರೂ ನೀರು; ಕುಡಿಯಲು ಒಂದು ಗುಟುಕಿಲ್ಲ. ಹುಡುಗ ಮರದ ಮನೆಯೊಂದರ ಒಲೆಯಲ್ಲಿ ಬೆಂಕಿ ಹೊತ್ತಿಸಿದ. ಬೆಂಕಿ ಮೊದಲ ಯತ್ನಕ್ಕೇ ಹತ್ತಬೇಕೆಂಬ ನಿಯಮವಿಲ್ಲ. ಕಡ್ಡಿ ವ್ಯರ್ಥವಾಯಿತು, ಇನ್ನೊಂದು ಗೀರಿದ. ಪಾತ್ರೆಯಲ್ಲಿ ಹಿಮ ತುಂಬಿ ಇಟ್ಟ. ಅದು ಕರಗಿ ನೀರಾಯಿತು. ನಾನು, "ಸರಿ, ಕುಡಿ" ಎಂದೆ. "ಈಗಲೇ ಕುಡಿದರೆ ಭೇದಿ ಹಿಡಿಯಬಹುದು, ದೊಡ್ಡಪ್ಪ. ಇದು ಕರಗಿದ ನೀರು ಅಷ್ಟೆ, ಇನ್ನೂ ಕುದಿಯಬೇಕು" ಎಂದ. ಕುದಿಯುವಷ್ಟರಲ್ಲಿ ಸೌದೆ ತೀರಿತು. ಹೊರಗೆ ಗಾಳಿ ಊಳಿಡುತ್ತಿತ್ತು. ಸೌದೆಗೆಂದು ಹೋದರೆ ಮೈಯ ಬಿಸಿ ಹೋಗುತ್ತದೆ, ತೋಳಗಳಿವೆ. ಹೋಗದಿದ್ದರೆ ಬೆಂಕಿ ಆರಿ ಅರೆಕಾದ ನೀರೇ ಗತಿ.

ಆ ಕ್ಷಣದಲ್ಲಿ, ಸತ್ಯವಾಗಿ ಹೇಳುತ್ತೇನೆ, ನನ್ನ ಗಂಟಲು ಆರಿತು. ಪಕ್ಕದಲ್ಲಿಯೇ ಕಾಫಿಯ ಲೋಟವಿತ್ತು. ಮೂಲೆಯ ಹನಿಯ ಚಿತ್ರ ನನ್ನಲ್ಲಿ ಬಾಯಾರಿಕೆ ಹುಟ್ಟಿಸಿರಲಿಲ್ಲ. ಒಂದು ಲೋಟ ನೀರಿನ ಹಿಂದೆ ಸೌದೆ, ಸೌದೆಯ ಹಿಂದೆ ಚಳಿ, ಚಳಿಯ ಹಿಂದೆ ತೋಳ ಎಂಬ ಸರಪಳಿ ಅದನ್ನು ಹುಟ್ಟಿಸಿತ್ತು. ನಟ ರಂಗದ ಮೇಲೆ "ನನಗೆ ದುಃಖವಾಗಿದೆ" ಎಂದು ಸಾರಿದರೆ ಯಾರಿಗೂ ದುಃಖವಾಗುವುದಿಲ್ಲವೆಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ! ಈ ಹುಡುಗರು ಅದನ್ನು ಬೇರೆ ದಾರಿಯಿಂದ ಕಂಡುಕೊಂಡಿದ್ದಾರೆ. ನಮ್ಮೂರ ಹೆಂಗಸರಿಗೆ ಒಂದು ಕೊಡ ನೀರೆಂದರೆ ಅಷ್ಟು ದೂರ ನಡಿಗೆ, ಅಷ್ಟು ಹೊತ್ತು ಸರದಿ, ಅಷ್ಟು ಕುತ್ತಿಗೆನೋವು ಎಂಬುದೇ ಆಗಿತ್ತು. ಕೊಡದ ಬೆಲೆ ಕೊಡದಲ್ಲಿರಲಿಲ್ಲ.

ಉಳಿದ ಆಟಗಳನ್ನು ಅವನು ಬೇಗಬೇಗ ತೋರಿಸಿದ. 'ರಾಫ್ಟ್' ಎಂಬುದರಲ್ಲಿ ತೆಪ್ಪದ ಮೇಲೆ ಒಲೆ ಹೂಡಿ, ಲೋಟದಲ್ಲಿ ಕಡಲ ನೀರಿಟ್ಟು, ಹಲಗೆಗಳನ್ನು ಉರಿಸಿ ಸಿಹಿನೀರು ಮಾಡಿಕೊಳ್ಳಬೇಕು. ತೆಪ್ಪವನ್ನು ಹಿಗ್ಗಿಸುವುದೂ ಅದೇ ಹಲಗೆಯಿಂದ, ನೀರು ಕಾಯಿಸುವುದೂ ಅದೇ ಹಲಗೆಯಿಂದ. ಅಮೆಜಾನ್ ಕಾಡಿನ 'ಗ್ರೀನ್ ಹೆಲ್'ನಲ್ಲಿ ಒಡೆದ ತೆಂಗಿನ ಚಿಪ್ಪನ್ನು ಮಳೆಗೆ ಒಡ್ಡಿದರೆ ಕುಡಿಯುವ ನೀರು. ಹೊಂಡದ ನೀರಿಗೆ ಬಾಯಿಟ್ಟರೆ ಹೊಟ್ಟೆಯಲ್ಲಿ ಹುಳು. 2014ರ 'ದಿಸ್ ವಾರ್ ಆಫ್ ಮೈನ್' ಪೋಲೆಂಡಿನವರ ಕೃತಿ; 1992ರಿಂದ 1996ರವರೆಗೆ ಮುತ್ತಿಗೆಗೆ ಒಳಗಾಗಿದ್ದ ಸರಯೇವೊ ನಗರದ ನೆನಪಿನಿಂದ ಮೂಡಿದ್ದು. ಅಲ್ಲಿ ಹೀರೊ ಇಲ್ಲ, ಸಾಮಾನ್ಯ ಸಂಸಾರಸ್ಥರು ಮನೆಯೊಳಗೆ ಮಳೆನೀರಿನ ತೊಟ್ಟಿಗೆ ಶೋಧಕ ಹೂಡಿ ದಿನ ನೂಕುತ್ತಾರೆ. ನಿಜವಾದ ಸರಯೇವೊದಲ್ಲಿ ಜನ ನೀರಿಗಾಗಿ ಬಿಯರ್ ಕಾರ್ಖಾನೆಯ ಚಿಲುಮೆಯ ಮುಂದೆ ಕ್ಯಾನು ಹಿಡಿದು ಸಾಲುಗಟ್ಟುತ್ತಿದ್ದರು. ಆ ಸಾಲು ಆಟದಲ್ಲಿದ್ದಿದ್ದರೆ ಚೆನ್ನಾಗಿತ್ತೆಂದು ನನಗೆ ಅನಿಸಿತು. ಉಳಿವಿನ ಆಟಗಳ ದೊಡ್ಡ ಕೊರತೆಯೇ ಇದು: ನೀರಿನ ಬಳಿ ಆಟಗಾರ ಬಹುಪಾಲು ಒಬ್ಬಂಟಿ. ನಾನು ಕಂಡ ಯಾವ ಬಾವಿಯ ಕಟ್ಟೆಯ ಮೇಲೂ ಒಬ್ಬರೇ ಇದ್ದುದಿಲ್ಲ.

ನಗು ಬಂದ ಪ್ರಸಂಗವೂ ಒಂದುಂಟು. 'ಪ್ರಾಜೆಕ್ಟ್ ಜೋಂಬಾಯ್ಡ್' ಎಂಬ ಆಟದಲ್ಲಿ ನಡೆದಾಡುವ ಹೆಣಗಳ ಕಾಟ. ಅಮೆರಿಕದ ಒಂದು ಪಟ್ಟಣದಲ್ಲಿ ಮೊದಮೊದಲು ನಲ್ಲಿಯಲ್ಲಿ ನೀರು ಬರುತ್ತದೆ, ಕೆಲವು ವಾರಗಳೊಳಗೆ ಯಾವುದೋ ಒಂದು ದಿನ ನಿಂತುಹೋಗುತ್ತದೆ. ಆಮೇಲೆ ಮಳೆನೀರಿನ ಪೀಪಾಯಿ ಮಾಡಿಟ್ಟುಕೊಳ್ಳಬೇಕು. ಪೀಪಾಯಿಯ ನೀರು ಕಲುಷಿತ, ಕಾಯಿಸದೆ ಕುಡಿಯುವಂತಿಲ್ಲ. ಆದರೆ ಆ ಆಟದ 41ನೆಯ ಆವೃತ್ತಿಯಲ್ಲಿ ಅದೇ ಪೀಪಾಯಿಯನ್ನು ಮಾಳಿಗೆಯ ಮೇಲಿಟ್ಟು ಕೆಳಗಿನ ಕೊಠಡಿಯ ಸಿಂಕಿಗೆ ಕೊಳವೆ ಕೂಡಿಸಿದರೆ ನೀರು ತಾನಾಗಿ ನಿರ್ಮಲವಾಗಿ ಬರುತ್ತದೆ! ಕೊಳವೆಯಲ್ಲಿ ಇಳಿದದ್ದೆಲ್ಲ ಪವಿತ್ರವೆಂಬ ನಂಬಿಕೆ ನಮ್ಮ ಪಟ್ಟಣಗಳಿಗೆ ಮಾತ್ರ ಮೀಸಲಲ್ಲವೆಂದು ಸಮಾಧಾನಪಟ್ಟೆ.

ಇದಕ್ಕೆ ವಿರುದ್ಧವಾಗಿ ನನ್ನ ಮನಸ್ಸಿಗೆ ಹಿಡಿಸಿದ್ದು 2019ರ 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್'. ಕ್ಷುದ್ರಗ್ರಹವೊಂದರ ಒಡಲಿನಲ್ಲಿ ಪುಟ್ಟ ಗೊಂಬೆಮನುಷ್ಯರ ವಸತಿ. ಅಲ್ಲಿ ಕೊಳೆನೀರನ್ನು ಮರಳಿನ ಮೂಲಕ ಹಾಯಿಸುವ ಯಂತ್ರವಿದೆ. ಮರಳು ಖರ್ಚಾಗುತ್ತದೆ, ಕೊಳೆ ಮಾಯವಾಗದೆ ಕೊಳಕು ಮಣ್ಣಾಗಿ ಒಂದು ಕಡೆ ಬೀಳುತ್ತದೆ, ಅದನ್ನು ಏನು ಮಾಡಬೇಕೆಂಬುದೂ ನಿಮ್ಮದೇ ಚಿಂತೆ. ನೀರು ಕಣ್ಣಿಗೆ ತಿಳಿಯಾಗಿ ಬರುತ್ತದೆ. ಆದರೆ ಅದರಲ್ಲಿದ್ದ ರೋಗಾಣುಗಳು ಹಾಗೆಯೇ ಉಳಿದಿರುತ್ತವೆ! ಅವನ್ನು ನೀಗಲು ಬೇರೆ ಉಪಾಯ ಬೇಕು. ತಿಳಿಯಾಗುವುದು ಬೇರೆ, ನಿರಪಾಯವಾಗುವುದು ಬೇರೆ ಎಂಬುದನ್ನು ಈ ಆಟ ಬಲ್ಲುದು. ಅಂಥ ಆಟಗಳು ಹೆಚ್ಚಿಲ್ಲ.

ಇಲ್ಲಿಗೆ ಬಂದಾಗ ನಾನು ಚೀಟಿಯನ್ನು ಕೈಗೆತ್ತಿಕೊಂಡೆ. 'ಮಲಿನ ಜಲ'ವನ್ನು ಹೊಡೆದು 'ಬಗ್ಗಡ' ಎಂದು ಬರೆದೆ. ಮಳೆ ಬಂದ ಮರುದಿನ ಕೆರೆಯ ನೀರನ್ನು ಕಂಡವರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ. 'ಲವಣ ಜಲ'ದ ಜಾಗಕ್ಕೆ ಉಪ್ಪುನೀರು. ಕಡಲಿನದಲ್ಲದೆ ನೆಲದ್ದೇ ಆದರೆ ಸವಳುನೀರು. 'ಶೋಧಿತ' ಎಂಬಲ್ಲಿ ಸೋಸಿದ ನೀರು. ನನ್ನ ಅಜ್ಜಿ ಬಗ್ಗಡದ ನೀರಿಗೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಬಿಡುತ್ತಿದ್ದರು, ಬೆಳಗಾಗುವಷ್ಟರಲ್ಲಿ ಮಣ್ಣು ತಳ ಸೇರಿ ಮೇಲೆ ತಿಳಿ ನಿಲ್ಲುತ್ತಿತ್ತು. ಸಂಸ್ಕೃತದವರು ಅದನ್ನು ಕತಕವೆನ್ನುತ್ತಾರೆ. ಹುಡುಗನಿಗೆ ಇದು ಬಹಳ ಹಿಡಿಸಿ, ತನ್ನ ಆಟದ ಕಾಡಿನಲ್ಲಿ ಚಿಲ್ಲದ ಮರ ನೆಡುತ್ತೇನೆಂದ. ನೆಡು, ಆದರೆ ಅದು ತಿಳಿ ಮಾಡುತ್ತದೆ, ಅಷ್ಟೆ ಎಂದೆ.

ಬಟ್ಟೆಯಲ್ಲಿ ಸೋಸುವುದನ್ನು ಮಾತ್ರ ಹಗುರವಾಗಿ ಕಾಣಬೇಡವೆಂದು ಅವನಿಗೆ ಹೇಳಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಡಿಸಿ ನೀರು ಸೋಸಿದುದರಿಂದ ಕಾಲರಾ ಸುಮಾರು ಅರ್ಧಕ್ಕೆ, ಲೆಕ್ಕವಾಗಿ ಹೇಳುವುದಾದರೆ ಶೇಕಡ 48ರಷ್ಟು, ಇಳಿಯಿತೆಂದು 2003ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ರೋಗಾಣು ಬಟ್ಟೆಯ ಎಳೆಗಿಂತ ಎಷ್ಟೋ ಸೂಕ್ಷ್ಮ. ಆದರೆ ಅದು ಅಂಟಿಕೊಂಡಿರುವ ಜಲಜೀವಿಗಳು ಬಟ್ಟೆಯಲ್ಲಿ ನಿಲ್ಲುತ್ತವೆ. ಹಳಗನ್ನಡ ಪಾಠ ಹೇಳಿದವನಾದ್ದರಿಂದ ನನಗೆ ಜೈನರ ಆಚಾರ ನೆನಪಾಯಿತು. ಅವರು ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಎಡೆಗೇ ಮರಳಿ ಬಿಡಬೇಕು. ಅಲ್ಲಿ ಸೋಸುವುದು ಕುಡಿಯುವವನ ಕ್ಷೇಮಕ್ಕಿಂತಲೂ ನೀರಿನಲ್ಲಿರುವುದರ ಕ್ಷೇಮಕ್ಕಾಗಿ. ಇದನ್ನು ಆಟದಲ್ಲಿ ತರುವುದು ಹೇಗೆಂದು ಹುಡುಗ ಒಂದು ಗಳಿಗೆ ಯೋಚಿಸಿ ಬಿಟ್ಟುಬಿಟ್ಟ.

ತಕರಾರು ಬಂದದ್ದು ಮೂರನೆಯ ಪದಕ್ಕೆ, 'ಶುದ್ಧ'ಕ್ಕೆ. ಅವನಿಗೆ ಆ ಪದವೇ ಬೇಕಾಗಿತ್ತು. ಚಿಕ್ಕದು, ಎಲ್ಲರಿಗೂ ಗೊತ್ತಿರುವುದು. ನಾನು ಬೇಡವೆಂದೆ. ನಮ್ಮ ಭಾಷೆಯಲ್ಲಿ ಶುದ್ಧ ಎಂಬ ಪದದ ಬೆನ್ನ ಮೇಲೆ ಬೇರೊಂದು ಹೊರೆಯಿದೆ. ಮಡಿಯಲ್ಲಿ ಸೇದಿದ ನೀರು ಶುದ್ಧ. ಅದರಲ್ಲಿ ಕಾಲರಾ ಇದ್ದರೂ ಶುದ್ಧ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಅಂಬೇಡ್ಕರರೂ ಅವರೊಡನೆ ಸಾವಿರಾರು ಜನರೂ ನೀರು ಮುಟ್ಟಿ ಕುಡಿದರು. ಆಮೇಲೆ ಊರಿನ ಸವರ್ಣೀಯರು ಆ ಕೆರೆಗೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು. ಕೆರೆಗೆ ಸೆಗಣಿ ಗಂಜಳ ಬೆರೆಸಿದ ಕ್ರಿಯೆಗೆ ನಮ್ಮಲ್ಲಿರುವ ಹೆಸರು ಶುದ್ಧಿ. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿಯೂ ಬಾವಿಗಳು ಎರಡಿದ್ದವು, ಯಾವುದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಊರಿನ ಬಾವಿಯಿಂದ ಜನರನ್ನು ದೂರವಿಟ್ಟದ್ದು ರೋಗಾಣುವಿನ ಭಯವಲ್ಲ. ಈ ಪದವನ್ನು ಕಾಯಿಸಿದ ನೀರಿನ ಮೇಲೆ ಅಂಟಿಸಬೇಡ, 'ಕಾದಾರಿದ ನೀರು' ಎನ್ನು. ಏನು ಮಾಡಿದೆಯೋ ಅದನ್ನೇ ಹೇಳಿದಂತಾಗುತ್ತದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆದುಕೊಂಡ.

ಅವನ ಆಟದ ಲೆಕ್ಕಗಳಲ್ಲಿಯೂ ನಾನು ಕೈಯಾಡಿಸಿದೆ, ಮೇಷ್ಟರ ಚಟ. ಅವನ ಮಳೆಪೀಪಾಯಿ ಎಂಥ ಮಳೆಗೂ ಒಂದೇ ಸಮನೆ ತುಂಬುತ್ತಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಚದರ ಮೀಟರಿನ ಹೆಂಚಿನ ಮಾಡಿಗೆ 10 ಮಿಲಿಮೀಟರ್ ಸುರಿದರೆ 200 ಲೀಟರ್. ಹೆಂಚು ಹೀರಿದ್ದು, ಸಿಡಿದದ್ದು, ಸೋರಿದ್ದು ಕಳೆದರೆ ಅದಕ್ಕೂ ಕಡಿಮೆ. ಮಾಡು ಚಿಕ್ಕದಾದರೆ ಪೀಪಾಯಿ ಎಷ್ಟು ದೊಡ್ಡದಾದರೇನು? ನನ್ನ ತಾಯಿ ಮೊದಲ ಮಳೆಗೆ ಸೂರಿನ ಕೆಳಗೆ ಹಂಡೆ ಇಡುತ್ತಿರಲಿಲ್ಲ; ಹೆಂಚಿನ ಮೇಲಿನ ಧೂಳು, ಹಕ್ಕಿಹಿಕ್ಕೆ ಎಲ್ಲ ತೊಳೆದುಹೋಗಲೆಂದು ಕಾಯುತ್ತಿದ್ದರು. ಕಾಯುವುದು ಎಷ್ಟು ಹೊತ್ತು ಎಂಬುದರಲ್ಲಿಯೇ ಇದ್ದುದು ಜಾಣತನ. ಹೆಚ್ಚು ಕಾದರೆ ಮಳೆಯೇ ನಿಂತುಬಿಡಬಹುದು. ಇದನ್ನು ಕೇಳಿ ಅವನ ಕಣ್ಣು ಅರಳಿತು. ಆಟವೆಂದರೆ ಇಂಥ ತೀರ್ಮಾನವೇ ಎಂದ.

ಇನ್ನೊಂದು ದೋಷವನ್ನೂ ಹೇಳಿದೆ, ಅದು ಅವನೊಬ್ಬನದಲ್ಲ. ಈ ಆಟಗಳಲ್ಲಿ ಒಮ್ಮೆ ತೊಟ್ಟಿಯನ್ನೋ ಶೋಧಕವನ್ನೋ ಕಟ್ಟಿದರೆ ಬಹುಮಟ್ಟಿಗೆ ನೀರಿನ ಅಧ್ಯಾಯ ಮುಗಿಯುತ್ತದೆ. ಆಟಗಾರ ಬಾಯಾರಿಕೆಯನ್ನು ಮರೆತು ಬೇರೆ ಸಾಹಸಕ್ಕೆ ಹೊರಡುತ್ತಾನೆ. ನೀರಿನ ಕೆಲಸ ಕಟ್ಟಿದಲ್ಲಿಗೆ ಮುಗಿಯುವುದಿಲ್ಲವೆಂದು ಬಲ್ಲವರು ನಮ್ಮ ಹಿಂದಿನವರು. ಕೆರೆ ಕಟ್ಟಿಸಿದುದನ್ನು ಸಾರುವ ಶಾಸನಗಳ ಜೊತೆಯಲ್ಲಿಯೇ ಅದನ್ನು ನೋಡಿಕೊಳ್ಳುವುದಕ್ಕಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ಮಾತು ಬರುತ್ತದೆ. ಹೂಳು ತುಂಬುತ್ತದೆ, ತೂಬು ಕೆಡುತ್ತದೆ, ಏರಿ ಬಿರಿಯುತ್ತದೆ. ಹೂಳೆತ್ತುವುದನ್ನು ಆಟ ಮಾಡಿದರೆ ಯಾರೂ ಆಡುವುದಿಲ್ಲ ಎಂದ ಹುಡುಗ. ಆಡುವವರಿಲ್ಲದ್ದರಿಂದಲೇ ನಮ್ಮೂರ ಕೆರೆಯೂ ಹಾಗಾಯಿತು ಎಂದು ನಾನೂ ಒಪ್ಪಿಕೊಂಡೆ.

ಇಷ್ಟರವರೆಗೆ ಹಬ್ಬದ ದಿನದ ಹರಟೆಯಾಗಿಯೇ ಇತ್ತು. ಆಮೇಲೆ ಅವನು ತನ್ನ ಆಟದ ನೀರಿನ ಕೋಷ್ಟಕವನ್ನು ತೆರೆದು ತೋರಿಸಿದ. ಎಡಗಡೆ ನೀರಿನ ಮೂಲ, ನಡುವೆ ದೋಷ, ಬಲಗಡೆ ಪರಿಹಾರ. ಕೆರೆಯ ನೀರು, ರೋಗಾಣು, ಕಾಯಿಸು. ಹಳ್ಳದ ನೀರು, ಹುಳು, ಕಾಯಿಸು. ಕೊನೆಯಲ್ಲಿ: ಕೊಳವೆಬಾವಿ, ದೋಷವಿಲ್ಲ, ಹಾಗೆಯೇ ಕುಡಿ. ಅದನ್ನು ವಿವರಿಸುತ್ತ ಅವನು ನಕ್ಕ. ನಕ್ಕಾಗ ಅವನ ಹಲ್ಲು ಕಂಡಿತು.

ನಿಮಗೆ ಹೇಳಬೇಕು, ಅವನ ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳಿವೆ. ಅವನ ಓರಗೆಯ ನಮ್ಮೂರ ಹುಡುಗರಲ್ಲಿ ಅನೇಕರಿಗೆ ಇವೆ. ನನಗಿಲ್ಲ, ನಾನು ತೆರೆದ ಬಾವಿಯ ನೀರು ಕುಡಿದು ಬೆಳೆದವನು. 1980ರ ಸುಮಾರಿಗೆ ನಮ್ಮೂರಿಗೆ ಬೋರು ಬಂದಾಗ ಪೂಜೆ ಮಾಡಿ ತೆಂಗಿನಕಾಯಿ ಒಡೆದೆವು. ನೀರು ಸ್ಫಟಿಕದಂತಿತ್ತು. ಬಗ್ಗಡವಿಲ್ಲ, ನಾರುವುದಿಲ್ಲ, ಹುಳುವಿಲ್ಲ. ವಾಂತಿಭೇದಿ ಕಡಿಮೆಯಾದದ್ದು ಕೂಡ ಸುಳ್ಳಲ್ಲ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಲೀಟರಿಗೆ 1 ಮಿಲಿಗ್ರಾಮಿನವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಗುರುತು ನಿಲ್ಲುತ್ತದೆ. ಬಹಳ ಹೆಚ್ಚಿದ್ದು, ಹಲವಾರು ವರ್ಷ ಕುಡಿದರೆ ಮೂಳೆ ಕೀಲುಗಳು ಬಿಗಿದುಕೊಳ್ಳುತ್ತವೆ. ನನ್ನ ತಮ್ಮನಿಗೆ ಅರವತ್ತರ ಹೊತ್ತಿಗೆ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರಲಾಗದು.

ಎಲ್ಲಕ್ಕಿಂತ ಕ್ರೂರವಾದದ್ದು, ಇದಕ್ಕೆ ಕಾಯಿಸುವುದು ಮದ್ದಲ್ಲ. ಕಾಯಿಸಿದಷ್ಟೂ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪಾಲು ಏರುತ್ತದೆ. ಮರಳಾಗಲಿ ಇದ್ದಲಾಗಲಿ ಬಟ್ಟೆಯಾಗಲಿ ಹಿಡಿಯಲಾರವು. ಪಟಿಕ ಸುಣ್ಣ ಬೆರೆಸಿ ತಿಳಿಯಿಳಿಸುವ ವಿಧಾನವೊಂದನ್ನು ನಾಗಪುರದ ಸಂಶೋಧನಾಲಯದವರು ರೂಪಿಸಿದರು, ಅದಕ್ಕೆ ನಲ್ಗೊಂಡದ ಹೆಸರಿದೆ. ಈಗ ನಮ್ಮ ಕಡೆ ನಾಣ್ಯ ಹಾಕಿದರೆ ಕ್ಯಾನು ತುಂಬಿಸುವ ಘಟಕಗಳು ಬಂದಿವೆ. ಹಲಗೆಯ ಮೇಲೆ 'ಶುದ್ಧ ಕುಡಿಯುವ ನೀರಿನ ಘಟಕ' ಎಂದಿರುತ್ತದೆ, ಜನ 'ಫಿಲ್ಟರ್ ನೀರು' ಎನ್ನುತ್ತಾರೆ. ಜನವೇ ಸರಿ.

"ನಿನ್ನ ಹಲ್ಲಿನ ನೀರು ಈ ಕೋಷ್ಟಕದಲ್ಲಿ ಎಲ್ಲಿದೆ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು. ಅವನು ಅಭ್ಯಾಸದಿಂದ ತುಟಿ ಮುಚ್ಚಿಕೊಂಡ. ಕಾಲೇಜಿನಲ್ಲಿ ಯಾವ ಭಾವಚಿತ್ರದಲ್ಲಿಯೂ ಅವನು ನಕ್ಕವನಲ್ಲ.

ಆಮೇಲೆ ಅವನು ಹೇಳಿದ್ದು ನನಗೆ ಪಾಠವಾಯಿತು. "ದೊಡ್ಡಪ್ಪ, ನಾನು ಅದನ್ನು ಮರೆತಿಲ್ಲ. ಇಡುವುದಕ್ಕೆ ಜಾಗ ಸಿಗಲಿಲ್ಲ. ನನ್ನ ಆಟ ಮೂವತ್ತು ಗಂಟೆಯದು. ಹತ್ತು ವರ್ಷಕ್ಕೆ ಕಾಣಿಸುವ ನೋವನ್ನು ಅದರಲ್ಲಿ ಎಲ್ಲಿಡಲಿ? ಮುನ್ಸೂಚನೆ ಕೊಡದೆ ಕೊನೆಯಲ್ಲಿ ಕೈಕಾಲು ಹಿಡಿಸಿದರೆ ಆಟಗಾರ ಮೋಸವೆನ್ನುತ್ತಾನೆ. ಮೊದಲೇ ಕೆಂಪಕ್ಷರದಲ್ಲಿ ಬರೆದರೆ ಯಾರೂ ಕುಡಿಯುವುದಿಲ್ಲ. ನಮಗೆ ಯಾರು ಬರೆದಿದ್ದರು?" ಸರಿಯಾದ ಮಾತು. ಕೆಟ್ಟ ನೀರು ಎರಡು ಬಗೆ ಎಂದಾಯಿತು. ಒಂದು ಇಂದೇ ದಂಡಿಸುತ್ತದೆ, ಇನ್ನೊಂದು ಸಾಲ ಬರೆದಿಟ್ಟುಕೊಳ್ಳುತ್ತದೆ. ಮೊದಲನೆಯದನ್ನು ಆಟ ಸುಲಭವಾಗಿ ಕಲಿಸಬಲ್ಲುದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ರುಚಿಯೆಂದು ಊರ ಹೊರಗೆ ವಾಸವಿದ್ದ ಮಹಿಳೆಯೊಬ್ಬಳು ದಿನವೂ ತರಿಸಿಕೊಂಡು ಕುಡಿದು ಕಾಲರಾದಿಂದ ತೀರಿಕೊಂಡಳು. ಆ ಸಾವಿನಿಂದಲೇ ಡಾಕ್ಟರ್ ಜಾನ್ ಸ್ನೋ ಅವರ ವಾದಕ್ಕೆ ಬಲ ಬಂತು. ಅವಳ ರೋಗಕ್ಕೂ ನೀರಿಗೂ ನಡುವೆ ಇದ್ದುದು ದಿನಗಳು. ನಮ್ಮೂರಿನ ನೀರಿಗೂ ನನ್ನ ತಮ್ಮನ ಮೊಣಕಾಲಿಗೂ ನಡುವೆ ಮೂವತ್ತು ವರ್ಷ.

ಕಾದಂಬರಿಕಾರನಾದರೆ 'ಇಪ್ಪತ್ತು ವರ್ಷಗಳ ತರುವಾಯ' ಎಂದು ಅಧ್ಯಾಯ ತೆರೆದುಬಿಡುತ್ತಾನೆ, ನಿನಗೇನು ಅಡ್ಡಿ ಎಂದೆ. ಅವನು ತಲೆಯಾಡಿಸಿ, ಎರಡು ದಿನ ಬಿಟ್ಟು ಬೆಂಗಳೂರಿನಿಂದ ಫೋನು ಮಾಡಿದ. ಆಟಗಾರ ಪಾಳುಬಿದ್ದ ಹಳ್ಳಿಯೊಂದನ್ನು ಹೊಗುತ್ತಾನಂತೆ. ಅಲ್ಲಿ ಕೆಡದ ಬೋರು ಒಂದಿರುತ್ತದೆ, ಎತ್ತಿದಷ್ಟು ನೀರು. ಎಚ್ಚರಿಕೆಯ ಹಲಗೆಯಿಲ್ಲ. ಆದರೆ ಪ್ರತಿ ಮನೆಯ ಬಾಗಿಲ ಬಳಿಯೂ ಊರುಗೋಲು. ನೆಲದ ಮೇಲೆ ಕೂರುವ ಮಣೆಗಳೆಲ್ಲ ಅಟ್ಟದಲ್ಲಿ, ಕೆಳಗೆ ಎತ್ತರದ ಕುರ್ಚಿಗಳು. ಶಾಲೆಯ ಗೋಡೆಯ ಮೇಲೆ ಒಂದು ಗುಂಪಿನ ಭಾವಚಿತ್ರ, ಅದರಲ್ಲಿ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರೆ. ಕಂಡವನು ಹೆಂಚಿನ ಮನೆಯ ಸೂರಿನ ಕೆಳಗೆ ಹಂಡೆ ಇಟ್ಟು ಮಳೆಗೆ ಕಾಯುತ್ತಾನೆ. ಕಾಣದವನು ಬೋರಿನ ನೀರನ್ನೇ ಕುಡಿಯುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಕಾಲ ಮುಂದೆ ಹಾರುತ್ತದೆ.

ಧ್ವನಿಯ ಪಾಠವನ್ನು ಮೂವತ್ತೆರಡು ವರ್ಷ ಹೇಳಿದವನು ಫೋನು ಹಿಡಿದು ನಿಂತೇ ಇದ್ದೆ. ಅವನ ಗೆಳೆಯರಲ್ಲಿ ಇಬ್ಬರು ಇದನ್ನು ಒಪ್ಪಿಲ್ಲವಂತೆ. ಬಾಗಿಲ ಬಳಿಯ ಕೋಲನ್ನು ಯಾರು ನೋಡುತ್ತಾರೆ, ಆಟಗಾರರು ಓಡುತ್ತಿರುತ್ತಾರೆ ಎಂಬುದು ಅವರ ವಾದ. ಅದೂ ಇರಬಹುದು. ಇನ್ನೂ ತೀರ್ಮಾನವಾಗಿಲ್ಲ.

ಫೋನು ಇಡುವ ಮುನ್ನ ಅವನು ಐದನೆಯ ಪದ ಕೇಳಿದ. ತಿಳಿಯಾಗಿರುವ, ಸೋಸಬೇಕಿಲ್ಲದ, ಕಾಯಿಸಿದರೂ ಕುಡಿಯಲಾಗದ ಈ ನೀರಿನ ಮೇಲೆ ಏನೆಂದು ಬರೆಯಲಿ? ನಿಘಂಟುಗಳನ್ನು ಇಳಿಸಿ ಒಂದು ಸಂಜೆಯೆಲ್ಲ ಹುಡುಕಿದೆ. ನಂಜುನೀರು ಎಂದರೆ ಗುಟ್ಟು ಬಯಲಾಗುತ್ತದೆ. ತಿಳಿನೀರು ಎಂದರೆ ನಾವೇ ಸುಳ್ಳು ಹೇಳಿದಂತೆ. ಕಡೆಗೆ ಊರಿಗೆ ಫೋನು ಮಾಡಿ ತಮ್ಮನನ್ನು, "ಆ ನೀರಿಗೆ ನೀವೆಲ್ಲ ಏನಂತೀರೋ?" ಎಂದು ಕೇಳಿದೆ.

"ಏನಂತೀವಿ? ಬೋರಿನ ನೀರು ಅಂತೀವಿ. ಯಾಕಣ್ಣ?" ಎಂದ.

ಅದನ್ನೇ ಬರೆದು ಕಳಿಸಿದ್ದೇನೆ.